ಗೋಷ್ಠಿಯೂ ರಾಗಿ ಅರಿಯೂ

ತುಮಕೂರು

ಮಗೂ,

ನಿನ್ನ ಕಾಗದ ತಲುಪಿತು. ರಾಜ್ಯೋತ್ಸವದ ವಾರ ಅಂದ್ರೆ ನಮ್ಮ ಕಡೆ ಹೀಗೇ. ಒಂದು ಕಡೆ ಪುಸ್ತಕ ಬಿಡುಗಡೆ, ಇನ್ನೊಂದು ಕಡೆ ದತ್ತಿ ಉಪನ್ಯಾಸ, ಮತ್ತೆಲ್ಲೋ ಕವಿಗೋಷ್ಠಿ. ನಿಮ್ಮ ಮನೆಯಲ್ಲಿ ನೋಡಿದರೆ ರಾಗಿ ಕುಯ್ಲು, ಮಳೆಗಾಲದ ತೇವ ಕುಡಿದ ಪುಸ್ತಕಗಳು. ಎಲ್ಲದಕ್ಕೂ ಹೋಗಲೇಬೇಕಾ ಅಂತ ಕೇಳಿದ್ದೀಯ. ಬೇಡ. ಒಂದಕ್ಕೆ ಹೋಗು, ಸಾಕು.

ಯಾವುದಕ್ಕೆ ಅಂದ್ರೆ, ಆಹ್ವಾನ ಪತ್ರಿಕೆಯಲ್ಲಿ ನಿನ್ನ ಹೆಸರಿಲ್ಲದ್ದಕ್ಕೆ. ಹೆಸರಿದ್ದ ಕಡೆ ನಾವು ಯಾರನ್ನೂ ಕೇಳಿಸಿಕೊಳ್ಳೋದಿಲ್ಲ, ನಮ್ಮ ಸರದಿ ಯಾವಾಗ ಅಂತ ಹಾಳೆ ಮಡಚುತ್ತ ಕೂರುತ್ತೇವೆ. ಓದಿದ ಕೂಡಲೇ ಶಾಲು, ಫೋಟೊ, ಆಮೇಲೆ ಊಟದ ಸಾಲು. ಮೂವತ್ತು ಕವಿಗಳ ಗೋಷ್ಠಿಯಲ್ಲಿ ಕೊನೆಯವರು ಓದುವಾಗ ಎದುರಿಗೆ ಮೈಕಿನವನು ಮಾತ್ರ ಉಳಿದಿರುತ್ತಾನೆ. ಆ ಕೊನೆಯವರನ್ನು ಕೂತು ಕೇಳು. ನಿನ್ನ ಗಮನ ಎಲ್ಲಿ ತಪ್ಪಿತು ನೋಡು. ತಪ್ಪಿದ್ದು ಪದ್ಯದಿಂದಲೋ ಹಸಿವಿನಿಂದಲೋ, ಅದೂ ಗೊತ್ತಾಗಲಿ.

ಕಿವಿಯ ವಿಷಯದಲ್ಲಿ ನಮ್ಮ ಜಿಲ್ಲೆ ಸುಮ್ನೆ ಅಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಆಗ ಮೈಕ್ ಇರಲಿಲ್ಲ. ಹಿಂದಿನ ಸಾಲಿನವನಿಗೂ ಮಾತು ಮುಟ್ಟಬೇಕಿತ್ತು. ಅದೇ ವರ್ಷ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದರು. ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತರುವಾಗ ಅವರು ಆದಿಪ್ರಾಸದ ಕಟ್ಟು, ಅಂದ್ರೆ ಸಾಲು ಸಾಲಿಗೂ ಎರಡನೇ ಅಕ್ಷರ ಒಂದೇ ಆಗಿರಬೇಕು ಅನ್ನೋ ನಿಯಮ, ಬಿಟ್ಟರು. ಕವಿತೆ ಮಾತಿನ ಹತ್ತಿರಕ್ಕೆ ಬಂತು. ನೀನು ಕಳಿಸಿದ ರಾಜ್ಯೋತ್ಸವದ ಪದ್ಯದಲ್ಲಿ ನುಡಿ, ಗುಡಿ, ಕಿಡಿ, ಮುಡಿ ಎಲ್ಲ ಹಾಜರಿವೆ. ಪ್ರಾಸ ಮುಂದೆ ಮುಂದೆ ಹೋಗಿದೆ, ನೀನು ಹಿಂದೆ ಓಡಿದ್ದೀಯ.

ಆದರೆ ಅದೇ ಕಾಗದದ ಕೊನೆಗೆ ಅವ್ವ ಬೈದದ್ದು ಅಂತ ಬರೆದಿದ್ದೀಯಲ್ಲ: ‘ಅರಿ ಇನ್ನೂ ಹೊಲ್ದಾಗೈತೆ, ಸ್ವಾತಿ ಮಳೆ ನಿನ್ ಗೋಷ್ಠಿ ಮುಗಿಯೋಗಂಟ ಕಾಯ್ತೈತಾ?’ ಇಡೀ ಪದ್ಯಕ್ಕಿಂತ ಇದು ಗಟ್ಟಿ. ಅರಿ, ಅಂದ್ರೆ ಕುಯ್ದು ಹೊಲದಲ್ಲೇ ಹಾಕಿದ ರಾಗಿ ಪೈರು, ಮಳೆಗೆ ನೆನೆದರೆ ತೆನೆಯಲ್ಲೇ ಮೊಳಕೆ ಬರುತ್ತೆ. ಹುಲ್ಲು ಕಪ್ಪಾಗುತ್ತೆ, ದನ ಮೂಸೋದಿಲ್ಲ. ಆ ಭಯ, ಜೊತೆಗೆ ನಿನ್ನ ಮೇಲಿನ ಗೇಲಿ, ಎರಡೂ ಒಂದೇ ಉಸಿರಿನಲ್ಲಿವೆ. ಹಾಗಾಗಿ ಹೊಲಕ್ಕೆ ಹೋಗು. ಅವ್ವನ ಸೊಂಟಕ್ಕೂ ಸ್ವಲ್ಪ ಬಿಡುವು ಸಿಗಲಿ. ಅರಿ ಎತ್ತಿ ಕಂತೆ ಕಟ್ಟುವಾಗ ಹೆಂಗಸರು ಆಡುವ ಮಾತು ವೇದಿಕೆಯ ಮೇಲೆ ಸಿಗೋದಿಲ್ಲ. ನೋಟ್‌ಬುಕ್ ಮಾತ್ರ ಒಯ್ಯಬೇಡ, ಪೆನ್ನು ಕಂಡರೆ ಅವರು ಮಾತು ನಿಲ್ಲಿಸ್ತಾರೆ. ರಾತ್ರಿ ಬರೆದುಕೋ. ಅಷ್ಟು ಹೊತ್ತಿಗೆ ನೆನಪಿನಲ್ಲಿ ಉಳಿದದ್ದಷ್ಟೇ ಬೇಕಾದದ್ದು.

ಇನ್ನು ಪುಸ್ತಕ. ಬಿಸಿಲಿಗೆ ಹರಡಬೇಡ, ಹಾಳೆ ಹಳದಿಯಾಗುತ್ತೆ, ಬೆನ್ನಿನ ಅಂಟು ಬಿರಿಯುತ್ತೆ. ಗಾಳಿಯಾಡುವ ನೆರಳಲ್ಲಿ ಹಾಳೆ ಬಿಡಿಸಿ ನಿಲ್ಲಿಸು, ಒಣಬಟ್ಟೆಯಲ್ಲಿ ಒರೆಸು. ಬೆಳ್ಳಗೆ ಹೊಳೆಯುತ್ತ ಸರಸರ ಓಡುವ ಹುಳ ಕಂಡರೆ ಬೈಂಡಿನ ಒಳಗೂ ನೋಡು, ಅದಕ್ಕೆ ಗಂಜಿಯ ಅಂಟು ಅಂದ್ರೆ ಹಬ್ಬ. ಬೇವಿನೆಲೆ ಇಡೋದಾದರೆ ಪೂರ್ತಿ ಒಣಗಿದ್ದು ಇಡು, ಹಸಿಯದು ಇನ್ನಷ್ಟು ತೇವ ತರುತ್ತೆ. ಕಪಾಟು ಗೋಡೆಗೆ ಅಂಟಿಕೊಂಡಿರದಿರಲಿ. ಒರೆಸುವಾಗ ಒಂದು ಪುಸ್ತಕ ತೆರೆದು ಮಧ್ಯಾಹ್ನ ಪೂರ್ತಿ ಕಳೆದರೆ ಕಳೆಯಲಿ ಬಿಡು, ಅಂಥ ಓದೇ ಮೈಗೆ ಹತ್ತೋದು.

ರಿಯಾಯಿತಿ ಮಾರಾಟಕ್ಕೆ ಹೋದರೆ ಬೆಲೆ ನೋಡಿ ಕಟ್ಟು ಕಟ್ಟಿಸಬೇಡ. ನಿಂತಲ್ಲೇ ಎರಡು ಪುಟ ಓದು. ಮೂರನೆಯ ಪುಟ ಮಗುಚಬೇಕು ಅನ್ನಿಸಿದರೆ ಮಾತ್ರ ತಗೋ.

ಸಂಕಲನಕ್ಕೆ ಮುನ್ನುಡಿ ಕೇಳಿದ್ದೀಯ. ಈಗ ಬರೆಯೋದಿಲ್ಲ, ಬೇಜಾರು ಮಾಡ್ಕೋಬೇಡ. ಗುಡಿ, ಕಿಡಿಗಳನ್ನೆಲ್ಲ ತೆಗೆದುಹಾಕಿ ಸಂಕ್ರಾಂತಿ ಕಳೆದ ಮೇಲೆ ಹಸ್ತಪ್ರತಿ ಕಳಿಸು. ಅವ್ವ ಬೈದದ್ದರ ಮೇಲೆ ಏನಾದರೂ ಬರೆದರೆ ಅದನ್ನು ಮಾತ್ರ ಮೊದಲೇ ಕಳಿಸು.

ಅವ್ವನಿಗೆ ನಮಸ್ಕಾರ ಹೇಳು.