ಡೇಟಾಬೇಸ್ ಹಾಕುವ ಮೊದಲು ಇದನ್ನೊಮ್ಮೆ ಓದು

ಪ್ರೀತಿಯ ತಂಗಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ ಅಂತ ಅಮ್ಮ ಹೇಳಿದಳು, ಸಮಾಧಾನವಾಯಿತು. ಲಿನಕ್ಸ್ ಹಾಕಿಕೊಂಡೆ, ಇನ್ನು ಡೇಟಾಬೇಸ್ ಸರ್ವರ್ ಬೇಕು ಅಂದೆಯಲ್ಲ. ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿದ್ದು ಸಾಲದು ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಹಾಕುವುದು ಸುಲಭ. ನಿನ್ನದು ಉಬುಂಟು, ಹಾಗಾಗಿ ಆಪ್ಟ್ ಅನ್ನುವ ಕಮಾಂಡಿನಿಂದ ಮರಿಯಾಡಿಬಿ ಅನ್ನುವ ಡೇಟಾಬೇಸ್ ಸರ್ವರ್ ಇನ್‌ಸ್ಟಾಲ್ ಮಾಡಿದರೆ ಆಯಿತು. ನೀನು ಕಲಿತ ಮೈಎಸ್‌ಕ್ಯೂಎಲ್ ಇಲ್ಲೂ ಬಹುಪಾಲು ಹಾಗೇ ನಡೆಯುತ್ತದೆ. 2009ರಲ್ಲಿ ಅದರಿಂದಲೇ ಕವಲೊಡೆದದ್ದು ಇದು. ಎರಡನ್ನೂ ಶುರು ಮಾಡಿದವರಲ್ಲಿ ಮುಖ್ಯರಾದ ಮೈಕೆಲ್ ವಿಡೇನಿಯಸ್ ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೇ ಎರಡಕ್ಕೂ ಇಟ್ಟರು. ನನಗೆ ಅದು ತುಂಬಾ ಇಷ್ಟ.

ಹಾಕಿದ ಮೇಲಿನದ್ದೇ ನಿಜವಾದ ಕೆಲಸ. ಇಲ್ಲಿಗೆ ಬಂದ ಹೊಸತರಲ್ಲಿ ನಾನೊಂದು ಬಾಡಿಗೆ ಸರ್ವರ್ ಇಟ್ಟುಕೊಂಡಿದ್ದೆ. ಲ್ಯಾಪ್‌ಟಾಪಿನಿಂದ ನೇರ ನೋಡೋಣ ಅಂತ ಸರ್ವರ್ ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳಬೇಕು ಅಂತ ಹೇಳುವ ಬೈಂಡ್-ಅಡ್ರೆಸ್ ಅನ್ನು 0.0.0.0 ಮಾಡಿದೆ, ಅಂದರೆ ಎಲ್ಲ ಕಡೆಗೂ ತೆರೆದೆ. ಎಲ್ಲ ಅಧಿಕಾರವಿರುವ ಬಳಕೆದಾರ ರೂಟ್‌ಗೂ ಹೊರಗಿನಿಂದ ಬರಲು ಬಿಟ್ಟೆ, ಪಾಸ್‌ವರ್ಡ್ ಸುಲಭದ್ದು. ಎರಡೇ ದಿನಕ್ಕೆ ಟೇಬಲ್‌ಗಳೆಲ್ಲ ಮಾಯ. ಹಣ ಕೇಳುವ ಒಂದು ಸಾಲು ಮಾತ್ರ ಉಳಿದಿತ್ತು. ಬ್ಯಾಕಪ್ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ ತಂಗಿ. ಮರಿಯಾಡಿಬಿಗೆ ಹೊರಗಿನಿಂದ ಬರುವ ಬಾಗಿಲು 3306 ಪೋರ್ಟ್. ಅದು ತೆರೆದಿದೆಯಾ ಅಂತ ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ನಿನ್ನ ಡೇಟಾ ಚಿಕ್ಕದು ಅಂತ ಅವು ಬಿಡುವುದಿಲ್ಲ.

ಉಬುಂಟುವಿನಲ್ಲಿ ಬೈಂಡ್-ಅಡ್ರೆಸ್ ಮೊದಲಿಂದಲೇ 127.0.0.1 ಇರುತ್ತದೆ. ಅಂದರೆ ಅದೇ ಕಂಪ್ಯೂಟರಿನವರು ಮಾತ್ರ ಮಾತಾಡಬಹುದು. ಅದನ್ನು ಮುಟ್ಟಬೇಡ. ದೂರದಿಂದ ಬೇಕೇ ಬೇಕು ಅಂದರೆ ಎಸ್‌ಎಸ್‌ಎಚ್ ಟನೆಲ್, ಅಂದರೆ ಗುಪ್ತ ಲಿಪಿಯಲ್ಲಿ ಸಾಗುವ ಸುರಕ್ಷಿತ ದಾರಿ, ಮಾಡಿಕೋ, ಪೋರ್ಟ್ ತೆರೆಯಬೇಡ. ಆಮೇಲೆ ಮರಿಯಾಡಿಬಿ-ಸೆಕ್ಯೂರ್-ಇನ್‌ಸ್ಟಲೇಶನ್ ಓಡಿಸು. ಹೆಸರಿಲ್ಲದ ಬಳಕೆದಾರರು, ಟೆಸ್ಟ್ ಡೇಟಾಬೇಸ್, ಹೊರಗಿನಿಂದ ರೂಟ್ ಲಾಗಿನ್, ಮೂರನ್ನೂ ತೆಗೆಯಲಾ ಅಂತ ಕೇಳುತ್ತದೆ. ಹೌದು ಅನ್ನು.

ರೂಟ್‌ಗೆ ಪಾಸ್‌ವರ್ಡ್ ಯಾಕಿಲ್ಲ ಅಂತ ಗಾಬರಿಯಾಗಬೇಡ. ಯುನಿಕ್ಸ್ ಸಾಕೆಟ್ ಅನ್ನುವ ಅದೇ ಕಂಪ್ಯೂಟರಿನೊಳಗಿನ ದಾರಿಯ ಮೂಲಕ ಲಿನಕ್ಸಿನ ರೂಟ್‌ಗೆ ಮಾತ್ರ ಬಾಗಿಲು ತೆರೆಯುತ್ತದೆ, ಹಾಗಾಗಿ ರೂಟ್ ಆಗಿ ಓಡಿಸುವ ಸುಡೊ ಹಾಕಿ ಮರಿಯಾಡಿಬಿ ಅಂದರೆ ಸಾಕು. ಆದರೆ ನಿನ್ನ ಆ್ಯಪ್‌ಗೆ ಎಂದಿಗೂ ರೂಟ್ ಕೊಡಬೇಡ. ಬೇರೆ ಬಳಕೆದಾರ ಮಾಡು. ಹೆಸರಿನ ಜೊತೆ ಲೋಕಲ್‌ಹೋಸ್ಟ್, ಅಂದರೆ ಇದೇ ಕಂಪ್ಯೂಟರ್, ಅಂತಲೇ ಇರಲಿ. ಅಲ್ಲಿ ಪರ್ಸೆಂಟ್ ಗುರುತು ಹಾಕಿದರೆ ಯಾವ ಕಂಪ್ಯೂಟರಿನಿಂದಲಾದರೂ ಬರಬಹುದು ಅಂತ ಅರ್ಥ. ಆ ಒಂದು ಡೇಟಾಬೇಸಿನ ಮೇಲೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ (ಸಾಲುಗಳನ್ನು ಓದುವ, ಸೇರಿಸುವ, ಬದಲಿಸುವ, ಅಳಿಸುವ ಅನುಮತಿ) ಇಷ್ಟೇ ಕೊಡು. ಸುಮ್ನೆ ಎಲ್ಲ ಅನುಮತಿ ಕೊಡುವ ಗ್ರಾಂಟ್ ಆಲ್ ಬರೆದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಆ್ಯಪ್‌ನಲ್ಲಿ ಒಂದು ತಪ್ಪಿದ್ದರೂ ಟೇಬಲನ್ನೇ ಅಳಿಸುವ ಶಕ್ತಿ ಅದಕ್ಕೆ ಯಾಕೆ ಬೇಕು, ಅಲ್ವಾ?

ಮರಿಯಾಡಿಬಿ-ಡಂಪ್‌ನಿಂದ ದಿನಾ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡು. ಒಮ್ಮೆಯಾದರೂ ಅದರಿಂದ ವಾಪಸ್ ತುಂಬಿಸಿ ನೋಡು.

ಎಲ್ಲ ಮುಗಿದ ಮೇಲೆ ತೆರೆದ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ (ss -tln) ಕಮಾಂಡ್ ಓಡಿಸಿ, 3306ರ ಸಾಲನ್ನು ನನಗೆ ಕಳಿಸು. ಪಕ್ಕದಲ್ಲಿ 127.0.0.1 ಇದೆಯಾ ಅಂತ ನಾನೂ ನೋಡುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ