ಗಾಡಿ ಬಾಯಿ ತೆಗೆದು ಕೂತ ರಾತ್ರಿ

ನಿನ್ನೆ ಸಂಜೆ ಟಿಳಕವಾಡಿಯಿಂದ ಕೋಟೆ ಕೆರೆಯವರೆಗೆ ಹೋಗಿ ಬಂದೆ. ಗೋಗಟೆ ಸರ್ಕಲ್ ದಾಟುವಾಗ ಮಳೆ ಹಿಡಿಯಿತು. ಸಾದಾ ಮಳೆಯಲ್ಲ, ನಮ್ಮ ಬೆಳಗಾವಿಯದು, ಅಡ್ಡಡ್ಡ ಹೊಡೆಯುವಂಥದ್ದು. ಡ್ಯಾಶ್‌ಬೋರ್ಡಿನ ಮೂಲೆಗೆ ನಾಲ್ಕು ಸಲ ಬೆರಳು ಒತ್ತಿ ನೋಡಿದೆ. ನಾಲ್ಕು ಸಲವೂ ಒಣ ಬೆರಳು. ಹಾಗಾಗಿ ಈಗ ಧೈರ್ಯದಿಂದ ಬರೆಯುತ್ತಿದ್ದೇನೆ: ನನ್ನ ಪದ್ಮಿನಿಗೆ, ಅಂದರೆ ಹಳೆಯ ಫಿಯಾಟ್ ಕಾರಿಗೆ, ಮುಂಭಾಗದ ಗ್ಲಾಸ್ ಕೂತಿದೆ.

ಒಂದು ವರ್ಷದ ರಗಳೆ ಇದು. ಹೆದ್ದಾರಿಯಲ್ಲಿ ಜಲ್ಲಿ ಸಿಡಿದು ಗ್ಲಾಸ್ ಒಡೆದದ್ದು, ಅದೇ ಹೊತ್ತಿಗೆ ಮನೆಯವರ ಮೊಣಕಾಲಿನ ಆಪರೇಷನ್ ಬಂದದ್ದು ಎಲ್ಲ ನಿಮಗೆ ಗೊತ್ತೇ ಇದೆ, ಅರ್ಧ ಜನ ಆಸ್ಪತ್ರೆಗೆ ಡಬ್ಬಿ ತಂದವರೇ. ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅದು ಗಾಡಿಗಳಿಗೆ ಗ್ಲಾಸ್ ಕೂರಿಸುವ ಚಾಚಾ ಇಲ್ಲದಿದ್ದರೆ ನನಗೇ ತಿಳಿಯುತ್ತಿರಲಿಲ್ಲ.

ಮೊದಲು ಉಳಿದವರ ಋಣ. ಕೊಲ್ಲಾಪುರದಲ್ಲಿ ಗ್ಯಾರೇಜ್ ಮುಚ್ಚಿದ ಮೇಲೂ ಅಟ್ಟದ ಮೇಲೆ ಒಂದು ಗ್ಲಾಸನ್ನು ಗೋಣಿ ಸುತ್ತಿ ನಿಲ್ಲಿಸಿಟ್ಟಿದ್ದ ಹಿರಿಯರಿಗೆ, ಅದನ್ನು ತಮ್ಮ ಮನೆಯ ಕೌದಿಯಲ್ಲಿ ಸುತ್ತಿ ಕೊಟ್ಟ ಅವರ ಹೆಂಡತಿಗೆ, ಬೆಲ್ಲದ ಪೆಂಟಿಗಳ ನಡುವೆ ನೆಟ್ಟಗೆ ನಿಲ್ಲಿಸಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಂದು ಗೀರೂ ಬೀಳದಂತೆ ತಂದ ಟೆಂಪೋ ತಮ್ಮನಿಗೆ, ಮುಂಬೈಯಿಂದ ಹೊಸ ರಬ್ಬರ್ ಹುಡುಕಿ ಕಳಿಸಿದ ಅಕ್ಕನ ಮಗನಿಗೆ, ಉದ್ಯಮಬಾಗದಿಂದ ಬಂದು ಪತ್ರಾ (ತಗಡಿನ) ಕೆಲಸ ಮಾಡಿಕೊಟ್ಟ ವೆಲ್ಡರ್ ಅಣ್ಣನಿಗೆ, ರಾತ್ರಿ ಹನ್ನೊಂದಕ್ಕೆ ಛತ್ರಿ ಹಿಡಿದು ಬಿಸಿ ರೊಟ್ಟಿ, ಪುಂಡಿಪಲ್ಯ ತಂದ ಪಕ್ಕದ ಮನೆಯ ವೈನಿಗೆ ದೊಡ್ಡ ನಮಸ್ಕಾರ. ಕೌದಿಗೆ ಹತ್ತಿದ ಇರುವೆಗಳು ಎರಡು ದಿನ ನಮ್ಮ ಪಡಸಾಲೆಯಲ್ಲಿ ಸಂಸಾರ ಹೂಡಿದ್ದವು. ಅವಕ್ಕೂ ಒಂದು ನಮಸ್ಕಾರ.

ಗ್ಲಾಸ್ ಸಿಗುವುದು ಇಷ್ಟು ಕಷ್ಟವೇ ಎಂದು ಕೇಳಿದವರಿದ್ದಾರೆ. ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ಕಟ್ಟುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಆಮೇಲೂ ಮುಂಬೈಯ ಕರಿ-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದವಲ್ಲ, ಅವುಗಳ ಹೆಸರಲ್ಲಿ ನಮ್ಮಂಥವರಿಗೂ ಸಾಮಾನು ಸಿಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಈಗ ಫೋನ್ ಮಾಡಿದರೆ ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ರೇಟು ಹೇಳುತ್ತಾರೆ. ಬಾಗಿಲಿನ ಗ್ಲಾಸಾದರೆ ಚಪ್ಪಟೆ, ಅಳತೆ ಕೊಟ್ಟು ಕತ್ತರಿಸಿಕೊಳ್ಳಬಹುದು. ಮುಂದಿನದಕ್ಕೆ ಬಾಗು ಇದೆ. ಆ ಬಾಗು ಒಂದಿಷ್ಟು ಹೆಚ್ಚುಕಡಿಮೆಯಾದರೂ ರಬ್ಬರಿನಲ್ಲಿ ಕೂರುವುದಿಲ್ಲ, ಕೂತರೂ ಬಾಳುವುದಿಲ್ಲ.

ಈಗ ಹೇಳಬೇಕಾದದ್ದು.

ಜಲ್ಲಿ ಬಡಿದು ಒಡೆದದ್ದು ಗಾಡಿಯ ಹಳೆಯ ಟಫನ್ಡ್ ಗ್ಲಾಸು. ಒಂದೇ ಏಟಿಗೆ ಪೂರ್ತಿ ಬೆಳ್ಳಗಾಗಿ ಕಲ್ಲುಸಕ್ಕರೆಯ ಹಾಗೆ ನನ್ನ ಮಡಿಲಿಗೆ ಸುರಿಯಿತು. ಆಮೇಲೆ ಗಣೇಶ ಚೌತಿಯ ಹೊತ್ತಿಗೆ ಒಂದು ಅಂಗಡಿಯವರು ಲ್ಯಾಮಿನೇಟೆಡ್ ಗ್ಲಾಸ್, ಅಂದರೆ ಎರಡು ಗಾಜಿನ ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು, ಹಾಕಿಕೊಟ್ಟರು. ದೀಪಾವಳಿ ಪಾಡ್ಯದ ದಿನ ಪುಣೆಯಿಂದ ಬಂದಿದ್ದ ಮಗ ಗೆಳೆಯರನ್ನು ಕೂರಿಸಿಕೊಂಡು ಗೋಕಾಕ ಫಾಲ್ಸಿಗೆ ಹೋದ. ರಾತ್ರಿ ವಾಪಸು ಬಂದಾಗ ಗ್ಲಾಸಿನ ಎಡಗಡೆ ಕೆಳಮೂಲೆಯಿಂದ ಒಂದು ಸೀಳು ಹಾವಿನ ಹಾಗೆ ಮೇಲೇರಿತ್ತು. "ಏನೂ ಬಡದಿಲ್ಲವ್ವಾ, ಆಣಿ ಮಾಡತೇನಿ" ಅಂದ. "ಬಡೀಲಾರದ ತಾನಾ ಸೀಳತೈತೇನು?" ಅಂದೆ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. 1994ರಲ್ಲಿ ಬ್ಯಾಂಕಿನಲ್ಲಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿ, ನಿನಗೆ ಗಳಿಸಿದ್ದರ ಕಿಮ್ಮತ್ತು ಗೊತ್ತಿಲ್ಲ ಅಂತೆಲ್ಲ ಅವನ ಗೆಳೆಯರ ಎದುರೇ ಅಂದೆ. ಹೆರಿಗೆ ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದದ್ದೂ ಅದೇ ಗಾಡಿಯಲ್ಲಿ. ಮರುದಿನ ನಸುಕಿನ ಬಸ್ಸಿಗೆ ಹೋದ. ಕಟ್ಟಿಟ್ಟ ಫರಾಳದ ಡಬ್ಬಿ ಟೇಬಲ್ ಮೇಲೇ ಉಳಿಯಿತು. ಆರು ತಿಂಗಳು ಫೋನ್ ಅಪ್ಪನಿಗೆ ಬರುತ್ತಿತ್ತು, ನನಗೆ ಬರಲಿಲ್ಲ.

ಚಾಚಾ ಕ್ಯಾಂಪ್ ಕಡೆಯವರು, ಎಪ್ಪತ್ತರ ಆಸುಪಾಸು. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ. ವಿನಯಕ್ಕಲ್ಲ. "ನಿಮ್ಮದ ಸಾಕಾಗೇತ್ರಿ, ಊರಾಗಿನ ಹಳೇ ಫಿಯಾಟ್ ಎಲ್ಲಾ ನನ್ನ ತಲೀಗೆ ಬರತಾವು" ಅಂತ. ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಅಂಗಳಕ್ಕೇ ಬಂದರು. ಕೌದಿ ಬಿಚ್ಚಿ, ಗ್ಲಾಸಿನ ಅಂಚನ್ನು ಬಿಸಿಲಿಗೆ ಹಿಡಿದು, ಎರಡು ಪದರದ ನಡುವೆ ಹಾಳೆಯ ಗೆರೆ ಇದೆಯೇ ಎಂದು ನೋಡಿದರು. ಒಂದು ಕಡೆ ಅಂಚು ಸ್ವಲ್ಪ ಹಾಲುಹಾಲಾಗಿತ್ತು. "ರಬ್ಬರ್ ಒಳಗ ಮುಚ್ಚಿ ಹೋಗತೈತಿ" ಅಂದರು. ಸೀಳಿದ ಗ್ಲಾಸಿನ ರಬ್ಬರನ್ನು ಬ್ಲೇಡಿನಿಂದ ಕೊಯ್ದು ಗ್ಲಾಸನ್ನು ಇಡಿಯಾಗಿ ಹೊರಗೆತ್ತಿ ಗೋಡೆಗೆ ಒರಗಿಸಿದರು. ಆಮೇಲೆ ಚೌಕಟ್ಟಿನ ಮೇಲೆ ಕೈಯಾಡಿಸಿ ಸುಮ್ಮನಾದರು.

ಹೊಸ ಗ್ಲಾಸ್ ಹಾಕುವುದಿಲ್ಲ ಅಂದುಬಿಟ್ಟರು. ಕೆಳಗಿನ ಅಂಚಿನುದ್ದಕ್ಕೂ ತುಕ್ಕು. ಹಿಂದಿನ ಅಂಗಡಿಯವರು ಕೆರೆಯದೆ ಅದರ ಮೇಲೇ ಸೀಲಂಟ್ ಮೆತ್ತಿ ಮುಚ್ಚಿದ್ದರು. ನಾನು ವಾದ ಮಾಡಿದೆ. ತಿಂಗಳುಗಟ್ಟಲೆ ಹುಡುಕಿ ತಂದದ್ದು, ಇವತ್ತೇ ಹಾಕಿಬಿಡಿ ಎಂದೆ. "ಅಕ್ಕಾರ, ಇದನ್ನೂ ಒಡ್ಕೋಬೇಕಂದ್ರ ಹೇಳ್ರಿ, ಹಾಕತೇನಿ" ಅಂದರು. ವೆಲ್ಡರ್ ಬರುವುದು ಮರುದಿನ. ಬ್ಯಾಟರಿ ಇಳಿದು ಗಾಡಿ ಅಂಗಳ ಬಿಟ್ಟು ಕದಲುವ ಹಾಗಿರಲಿಲ್ಲ. ಒಂಬತ್ತಕ್ಕೆ ಗುಡುಗು, ಅದರ ಹಿಂದೆಯೇ ಗಾಳಿ, ಕರೆಂಟು ಹೋಯಿತು, ಅಡ್ಡಮಳೆ ಶುರುವಾಯಿತು.

ತಾಡಪತ್ರಿ ಕಟ್ಟಿದೆವು, ಗಾಳಿ ಕಿತ್ತಿತು. ಮತ್ತೆ ಕಟ್ಟಿದೆವು. ಮನೆಯವರು ಒಳಗಿಂದ ಕೋಲು ಹಿಡಿದು ನಿಂತು ಸಲಹೆ ಕೊಡುತ್ತಿದ್ದರು, ಅಷ್ಟೇ ಅವರಿಂದ ಸಾಧ್ಯವಿದ್ದದ್ದು. ಹತ್ತು ಗಂಟೆಗೆ ನಾನೇ ಹೇಳಿದೆ, ಚಾಚಾ, ನೀವು ಮನೆಗೆ ಹೋಗಿ, ನೆನೆದರೆ ನೆನೆಯಲಿ. ಅವರು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ತಾಡಪತ್ರಿಯ ಒಂದು ತುದಿಯನ್ನು ಕೈಗೆ ಸುತ್ತಿಕೊಂಡಿದ್ದರು. "ಗಾಡಿ ಬಾಯಿ ತಕ್ಕೊಂಡು ಕುಂತೈತಿ. ಹೆಂಗ ಬಿಟ್ಟು ಹೋಗ್ಲಿ?"

ಹೋಗಲಿಲ್ಲ. ವೈನಿಯ ರೊಟ್ಟಿ ತಿಂದರು, ಎರಡು ಸಲ ಚಹಾ ಕುಡಿದರು, ನೀರು ಒಳಗೆ ನುಗ್ಗಿದಾಗಲೆಲ್ಲ ಚಿಂದಿ ಬಟ್ಟೆಯಿಂದ ಹಿಂಡಿ ಹಿಂಡಿ ತೆಗೆದರು. ಮೂರರ ಸುಮಾರಿಗೆ ಮಳೆ ನಿಂತಿತು. ಆಗ ಟಾರ್ಚ್ ಹಿಡಿದು ನನ್ನನ್ನು ಗೋಡೆಗೊರಗಿಸಿದ ಹಳೆಯ ಗ್ಲಾಸಿನ ಹತ್ತಿರ ಕರೆದರು.

"ಕಲ್ಲ ಬಡದಿದ್ರ ಮ್ಯಾಲ ಚುಕ್ಕಿ ಬೀಳತೈತ್ರಿ, ನಕ್ಷತ್ರ ಬಿಟ್ಟಂಗ. ಐತೇನು ನೋಡ್ರಿ." ಇರಲಿಲ್ಲ. ಸೀಳಿನ ಬುಡಕ್ಕೆ ಬೆಳಕು ಬಿಟ್ಟರು. ಅಂಚಿನಲ್ಲಿ ಉಗುರಿನಷ್ಟು ಸಿಪ್ಪೆ ಎದ್ದಿತ್ತು. ಆಮೇಲೆ ನನ್ನ ಬೆರಳು ಹಿಡಿದು ಗಾಡಿಯ ಚೌಕಟ್ಟಿನಲ್ಲಿ ಅದೇ ಜಾಗಕ್ಕೆ ಒಯ್ದು ಒತ್ತಿದರು. ಸೀಲಂಟಿನ ಅಡಿಯಲ್ಲಿ ತುಕ್ಕು ಉಬ್ಬಿ ಹುಣಸೆ ಬೀಜದಷ್ಟು ಗಂಟಾಗಿತ್ತು. ಗ್ಲಾಸಿಗೆ ನಡುವೆ ಬಲ, ಅಂಚಿನಲ್ಲಿ ಜೀವ ಎಂದರು. ಹಳೆಯ ರಬ್ಬರ್ ಕಟ್ಟಿಗೆಯಂತಾಗಿತ್ತು, ಗಂಟು ನೇರ ಗ್ಲಾಸಿನ ಅಂಚಿಗೇ ಒತ್ತುತ್ತಿತ್ತು. ಗಾಡಿ ಹಳ್ಳ ಇಳಿದಾಗಲೆಲ್ಲ ಬಾಡಿ ಒಂದಿಷ್ಟು ತಿರುಚುತ್ತದೆ, ಒಂದಲ್ಲ ಒಂದು ದಿನ ಸೀಳಲೇಬೇಕಿತ್ತು. "ಯಾರ ಓಡಿಸಿದ್ರೂ ಒಡೀತಿತ್ರಿ. ನೀವ ಓಡಿಸಿದ್ರೂ."

ಮಗನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಮನೆಯವರು ಹೇಳಿದ್ದರೇನೋ, ಈವರೆಗೆ ಒಪ್ಪಿಕೊಂಡಿಲ್ಲ.

ಒಳಗೆ ಹೋಗಿ ಫೋನ್ ಹಚ್ಚಿದೆ. ಆ ಹೊತ್ತಿನಲ್ಲಿ ಮನೆಯಿಂದ ಫೋನ್ ಬಂದರೆ ಯಾರಿಗೇ ಆದರೂ ಏನನ್ನಿಸುತ್ತದೆ ಎಂಬುದು ಹೊಳೆಯಲೇ ಇಲ್ಲ. "ಅಪ್ಪಗ ಏನಾತು?" ಎಂದು ಅವನು ಚೀರಿದ. "ಅಪ್ಪಗ ಏನೂ ಆಗಿಲ್ಲ. ಗ್ಲಾಸ್ ನೀ ಒಡದಿಲ್ಲ" ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅವ್ವಾ, ಮೂರೂವರಿ ಆಗೈತಿ." ಆಮೇಲೆ, "ನಾ ಆವತ್ತ ಹೇಳಿದ್ನಲ್ಲ." ಹೌದು, ಹೇಳಿದ್ದ. ನಾನು ಅಳುತ್ತಿದ್ದೆ, ಅವನೂ ಮೂಗು ಎಳೆಯುತ್ತಿದ್ದ ಅನ್ನಿಸಿತು, ನೆಗಡಿ ಅಂದ. ನನ್ನದು ತಪ್ಪಾಯಿತು ಎಂದು ಮಗನಿಗೆ ಹೇಳಿದ್ದು ಅದೇ ಮೊದಲು. ಇಲ್ಲಿಯೂ ಹೇಳುತ್ತೇನೆ, ಆವತ್ತು ಅವನ ಜೊತೆ ನಿಂತಿದ್ದ ಹುಡುಗರು ಇದನ್ನು ಓದಲಿ.

ಮಿಕ್ಕದ್ದು ಸಲೀಸು. ತುಕ್ಕು ಕಿತ್ತು ಹೊಸ ಪತ್ರಾ ಬೆಸೆದು, ಪ್ರೈಮರ್, ಬಣ್ಣ ಎಲ್ಲ ಒಣಗಿ ಶನಿವಾರಕ್ಕೆ ತಯಾರಾಯಿತು. ಮಗ ಶುಕ್ರವಾರ ರಾತ್ರಿಯೇ ಬಂದಿದ್ದ. ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಗ್ಲಾಸಿನ ಸುತ್ತ ತೊಡಿಸಿ, ಅದರ ಹೊರಗಿನ ಸಂದಿಗೆ ನೈಲಾನ್ ದಾರ ಕೂರಿಸಿ, ಸೋಪಿನ ನೀರು ಬಳಿದು ಚೌಕಟ್ಟಿಗೆ ಹಿಡಿದರು. ಚಾಚಾ ಹೊರಗಿಂದ ಅಂಗೈಯಲ್ಲಿ ತಟ್ಟುವುದು, ಮಗ ಒಳಗೆ ಕೂತು ದಾರ ಎಳೆಯುವುದು. ದಾರ ಬಂದಂತೆಲ್ಲ ರಬ್ಬರಿನ ತುಟಿ ಪತ್ರಾದ ಅಂಚು ಹತ್ತಿ ಒಳಗೆ ಮಗುಚಿಕೊಳ್ಳುತ್ತದೆ, ನೋಡುವುದೇ ಒಂದು ಚೆಂದ. "ಸಾವಕಾಶ ಎಳೀಪಾ, ಜಗ್ಗಬ್ಯಾಡ" ಎಂದು ಚಾಚಾ ಹೇಳುತ್ತಲೇ ಇದ್ದರು. ಎಡಗಡೆ ಕೆಳಮೂಲೆಗೆ ಬಂದಾಗ ಮೂವರೂ ಉಸಿರು ಬಿಗಿಹಿಡಿದೆವು. ಪಟ್ ಎಂದು ಕೂತಿತು.

ರಾತ್ರಿ ಕಾವಲಿಗೆಂದು ಕೊಟ್ಟ ದುಡ್ಡನ್ನು ಚಾಚಾ ಮುಟ್ಟಲಿಲ್ಲ. ಫಿಟ್ಟಿಂಗ್ ಮಜೂರಿಯಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ. ಕುಂದಾ ಡಬ್ಬಿ ಕೊಟ್ಟೆ, ಅರ್ಧ ಕಿಲೋದ್ದೇನ್ರಿ ಎಂದು ಕೇಳಿದರು. ಒಂದು ಕಿಲೋದ್ದೇ ಕೊಡಬೇಕಿತ್ತು.

ಕೊಲ್ಲಾಪುರದ ಕೌದಿ ಒಗೆದು ತಂತಿಯ ಮೇಲೆ ಹಾಕಿದ್ದೇನೆ, ಈ ಮಳೆಯಲ್ಲಿ ಒಣಗಲು ಇನ್ನೆರಡು ದಿನ ಬೇಕು. ಮುಂದಿನ ವಾರ ಆ ಕಡೆ ಹೋಗುವವರಿದ್ದರೆ ತಿಳಿಸಿ, ಮನೆಗೇ ತಂದುಕೊಡುತ್ತೇನೆ.