ಭಾನುವಾರದ ಭೇಟಿ: ಬೊಟಾಕ್ಸ್ ಇಂಜೆಕ್ಷನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯು ಆದವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ನಾವೆಲ್ಲ ಈ ಭಾನುವಾರ ಸಂಜೆ 4ಕ್ಕೆ ಉಡುಪಿ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ಇಲ್ಲೇ ತಿಳಿಸುತ್ತೇನೆ.

ಬೊಟಾಕ್ಸ್ ಅಂದರೆ ಮುಖದ ಸುಕ್ಕಿಗೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ, ಅಲ್ವಾ? ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೇ ಮೆಳ್ಳೆಗಣ್ಣು, ರೆಪ್ಪೆ ಸೆಳೆತಕ್ಕೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ, ಬಿಗಿತ ಸಡಿಲವಾಗುತ್ತದೆ. ನಮ್ಮ ಅಮ್ಮನ ಎಡಗೈ ಮುಷ್ಟಿ ಬಿಗಿದು, ಉಗುರು ಅಂಗೈಗೆ ಚುಚ್ಚಿ ಗಾಯವಾಗುತ್ತಿತ್ತು. ಇಂಜೆಕ್ಷನ್ ಆಗಿ ಎರಡು ವಾರಕ್ಕೆ ಬೆರಳು ಬಿಡಿಸಿ, ಸೋಪು ಹಾಕಿ ತೊಳೆದೆ. ಅವತ್ತು ಇಬ್ಬರೂ ಅತ್ತೆವು.

ಪರಿಣಾಮ ಇರುವುದು ಸುಮಾರು 3 ತಿಂಗಳು. ಆ ಸಮಯದಲ್ಲಿ ಫಿಸಿಯೋಥೆರಪಿ ದಯವಿಟ್ಟು ತಪ್ಪಿಸಬೇಡಿ. ಇಂಜೆಕ್ಷನ್ ನಂತರ ನುಂಗಲು, ಉಸಿರಾಡಲು ಕಷ್ಟವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಬರುವಾಗ ಡಾಕ್ಟರ ಹಳೆ ಚೀಟಿ, ಮಾತ್ರೆಗಳ ಪಟ್ಟಿ ತನ್ನಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಲೇಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ. ವೀಲ್‌ಚೇರ್ ತರುವವರು ಅದನ್ನೂ ಬರೆಯಿರಿ, ಗೇಟಿನ ಹತ್ತಿರ ನಾನಿರುತ್ತೇನೆ.